ಸಾಕ್ಷಿ ಹೇಳಲು ಒಬ್ಬಳು

ಮದುವೆಯವರೆಗೆ ಗಂಡಿನ ಸಂಗ ಬೇಡವೆಂದು ಆಣೆಯಿಟ್ಟು ಬೆಳ್ಳಿಯುಂಗುರ ತೊಟ್ಟ ಹುಡುಗಿಯರಿಗೆ ನಮ್ಮ ಟೆಕ್ಸಸ್ ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬರವಿರಲಿಲ್ಲ. ಡಾಯ್ಲ್ ಹ್ಯಾಚರ್ ಶಾಸನಸಭೆಗೆ ನಿಂತದ್ದೇ ಆ ಆಣೆಯನ್ನು ಶಾಲೆಗಳಲ್ಲಿ ಪಾಠ ಮಾಡಿಸುತ್ತೇನೆಂದು. ಅವರಿಗೆ ಬೇಕಾಗಿದ್ದವಳು ಜಾರಿಬಿದ್ದು ಎದ್ದು ಬಂದ ಒಬ್ಬಳು. ಅಂಥವಳು ಚರ್ಚಿನಲ್ಲಿ ನಿಂತು ತನ್ನ ಕಥೆಯನ್ನು ಸಾಕ್ಷಿಯಾಗಿ ಹೇಳಿದರೆ ಜನ ಅಳುತ್ತಾರೆ, ಅತ್ತವರು ವೋಟು ಹಾಕುತ್ತಾರೆ.

ಅವರ ಹೆಂಡತಿ ಲೊರೀನ್ ನನ್ನನ್ನು ಹುಡುಕಿಕೊಂಡು ಚರ್ಚಿನ ಮಕ್ಕಳ ಕೋಣೆಗೆ ಬಂದರು. ದೊಡ್ಡವರು ಆರಾಧನೆಯಲ್ಲಿದ್ದಾಗ ಅವರ ಕೂಸುಗಳನ್ನು ನೋಡಿಕೊಳ್ಳುವವಳು ನಾನು. ವಾರವಿಡೀ ಕಾರ್ಖಾನೆಯಲ್ಲಿ ಕೋಳಿ ಕತ್ತರಿಸುವ ನನಗೆ ಆ ಒಂದು ಬೆಳಗೇ ಹಬ್ಬ.

"ನೀನು ಅರ್ಧಕ್ಕೇ ಸ್ಕೂಲ್ ಬಿಟ್ಟೆ ಅಲ್ವಾ, ಡಾರ್ಲಾ?"

"ಅಜ್ಜಿಗೆ ಲಕ್ವ ಹೊಡೆದಿತ್ತು. ಸಾಯೋವರೆಗೂ ನಾನೇ ನೋಡ್ಕೊಂಡೆ."

"ಎಲ್ಲ ಹುಡುಗೀರೂ ಏನೋ ಒಂದು ಹೇಳ್ತಾರೆ ಕಂದಾ. ಬರೋ ಭಾನುವಾರ ಎದ್ದು ನಿಂತು ನಿಜ ಹೇಳಿಬಿಡು. ಹಗುರಾಗುತ್ತೆ."

ಊರು ನನ್ನ ಬಗ್ಗೆ ಏನಂದುಕೊಂಡಿದೆ ಎಂದು ಆಗ ತಿಳಿಯಿತು. ಎಲ್ಲರೆದುರು ನಿಜ ಹೇಳಿದರೆ ಗುಸುಗುಸು ನಿಲ್ಲುತ್ತದೆ ಎಂದುಕೊಂಡು ಒಪ್ಪಿದೆ.

ಭಾನುವಾರ ಮೈಕಿನ ಮುಂದೆ ನಿಂತೆ. "ಅಜ್ಜಿನ ನೋಡ್ಕೊಳ್ಳೋಕೆ ಸ್ಕೂಲ್ ಬಿಟ್ಟೆ," ಎಂದೆ. "ಇವತ್ತಿಗೂ ಯಾವ ಹುಡುಗನ ಕೈಯೂ ಹಿಡಿದಿಲ್ಲ."

ಒಬ್ಬರೂ ಅಳಲಿಲ್ಲ. ಹ್ಯಾಚರ್ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೋಡಿ, ನಮ್ಮ ಸ್ಕೂಲುಗಳು ಮಾಡಿರೋದು ಇದನ್ನ. ಬಾಯಿಬಿಟ್ಟು ಹೇಳೋಕೂ ಆಗ್ತಿಲ್ಲ ಪಾಪ, ಈ ಮಗೂಗೆ." ಆಗ ಜನ ಅತ್ತರು.

ಆಮೇಲೆ ಚರ್ಚಿನ ಊಟದಲ್ಲಿ ಲೊರೀನ್ ನನ್ನ ತಟ್ಟೆಗೆ ಹ್ಯಾಮ್ ಬಡಿಸುತ್ತಾ ಹೇಳಿದರು: "ಮನಸ್ಸು ಬಿಚ್ಚೋವರೆಗೂ ಮಕ್ಕಳ ಕೋಣೆ ಬೇಡ ಕಣಮ್ಮ. ತಪ್ಪು ಮಾಡಿದೋರನ್ನ ಕ್ಷಮಿಸಬಹುದು. ಸುಳ್ಳು ಹೇಳೋರ ಕೈಗೆ ಕೂಸು ಕೊಡೋದು ಹೇಗೆ?"

ಮುಂದಿನ ಭಾನುವಾರ ನಾನು ದೊಡ್ಡವರ ಜೊತೆ ಬೆಂಚಿನಲ್ಲಿ ಕೂತೆ. ಗೋಡೆಯಾಚೆಯ ಮಕ್ಕಳ ಕೋಣೆಯಲ್ಲಿ ಪ್ರೂಯಿಟ್ ದಂಪತಿಯ ಮಗು ಅಳತೊಡಗಿತು. ಅದನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ನಿಲ್ಲಬೇಕು, ಅಷ್ಟೇ. ಯಾರೂ ಹಾಗೆ ಮಾಡಲಿಲ್ಲ. ಬಹಳ ಹೊತ್ತು ತಡೆದು, ಕೊನೆಗೆ ನಾನು ಎದ್ದೆ.

"ನಾನು ತಪ್ಪು ಮಾಡಿದೆ," ಎಂದೆ.

ಇಡೀ ಸಭೆ ಬಿಕ್ಕಿತು. ನನ್ನತ್ತ ಎಂದೂ ತಿರುಗಿ ನೋಡದವರು ಬಂದು ತಬ್ಬಿಕೊಂಡರು. ಹಿಂದಿನಿಂದ ಒಬ್ಬರು ಕೇಳಿದರು: "ಹುಡುಗ ಯಾರಮ್ಮ?"

ತಾಯಂದಿರೆಲ್ಲ ತಮ್ಮ ತಮ್ಮ ಗಂಡುಮಕ್ಕಳ ಕಡೆ ನೋಡಿದರು.

"ಓಕ್ಲಹೋಮಾದವನು," ಎಂದೆ, ಪಕ್ಕದ ರಾಜ್ಯದ ಹೆಸರು ಹಿಡಿದು.

ಎಲ್ಲರೂ ಉಸಿರು ಬಿಟ್ಟರು. ಅದನ್ನು ನಂಬಲು ಅವರಿಗೆ ಏನೂ ಕಷ್ಟವಾಗಲಿಲ್ಲ.

ಹ್ಯಾಚರ್ ಗೆದ್ದರು. ಕೋಣೆ ನನಗೆ ಮರಳಿ ಸಿಕ್ಕಿತು, ತಪ್ಪೊಪ್ಪಿ ಮತ್ತೆ ಆಣೆಯಿಡುವವರಿಗೆ ಕೊಡುವ ಉಂಗುರವೂ ಸಿಕ್ಕಿತು. ಈಗಲೂ ಅವರು ಭಾಷಣಕ್ಕೆ ಬಂದರೆ ಗೋಡೆಯಾಚೆಯಿಂದ ನನ್ನ ಕಥೆ ಕೇಳಿಸುತ್ತದೆ. ಅದರಲ್ಲಿ ಆ ಓಕ್ಲಹೋಮಾದ ಹುಡುಗನಿಗೆ ಒಂದು ಮೋಟಾರ್ ಸೈಕಲ್ ಬಂದಿದೆ. ಕಳೆದ ವಾರದಿಂದ ಗಡ್ಡವೂ ಇದೆ.