ಉಣಿಸುವವಳ ಬಾಯಿ

ಅತ್ತೆಯ ಎರಡು ಕೈಗಳೂ ಪ್ಲಾಸ್ಟರಿನೊಳಗೆ ಹೋಗಿ ಕುಳಿತ ಮೇಲೆ ಸೊಸೆಗೆ ತನ್ನ ಕಂಡಕ್ಟರ್ ಕೆಲಸವೇ ಹಗುರ ಅನ್ನಿಸಿತು. ತುಂಬಿದ ಬಸ್ಸಿನಲ್ಲಿ ಜನರನ್ನು ಗದರಿಸಿಯಾದರೂ ಮುಂದೆ ಕಳಿಸಬಹುದು. ಈ ಮುದುಕಿಯ ಮುಚ್ಚಿದ ಬಾಯಿಯನ್ನು ಗದರಿಸುವವರು ಯಾರು? ಪಾದ್ರಿಗಳಾಗುವವರಿಗೆ ಹಳೆಯ ಹೀಬ್ರೂ ಕಲಿಸಿ ನಿವೃತ್ತಳಾದವಳು. ಇನ್ನೊಬ್ಬರ ಕೈಯಿಂದ ಉಣ್ಣುವುದೆಂದರೆ ಅವಳಿಗೆ ಮಾನ ಹೋದ ಹಾಗೆ. ಕೊಳವೆಯಲ್ಲಿ ಹಾಲು ಹೀರಿಕೊಂಡು ಕೂತಿದ್ದಳು, ಅಷ್ಟೇ.

ಅಮ್ಮ ಇವತ್ತೂ ಉಣ್ಣದಿದ್ದರೆ ಸಂಜೆಯೇ ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ನಾದಿನಿ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಅದನ್ನು ಕೇಳಿದ್ದೇ ಸೊಸೆ ಗಂಜಿ ಬೇಯಿಸಲು ಇಟ್ಟಳು. ಅತ್ತೆ ಹೋದರೆ ಮನೆಯಲ್ಲಿ ಜಗಳಕ್ಕಾದರೂ ಯಾರಿದ್ದಾರೆ? ಗಂಡನೋ, ಯಾರು ಏನಂದರೂ ಹೂಂ ಅನ್ನುವವನು.

ಗಂಜಿಯ ಬಟ್ಟಲು ಹಿಡಿದು ಕುಳಿತಳು. ಮಾತಿಗೆಳೆದರೆ ಬಾಯಿ ತೆರೆದೀತೆಂದು, ಉಣಿಸುವುದಕ್ಕೆ ಹೀಬ್ರೂವಿನಲ್ಲಿ ಏನಂತಾರೆ ಎಂದು ಕೇಳಿದಳು. ಅತ್ತೆಯ ಮುಖ ಅರಳಿತು. ಕಿಲ್ಕೇಲ್ ಅಂತ ಒಂದು ಪದವಿದೆ ಎಂದು ಶುರು ಮಾಡಿದಳು. ಬೈಬಲಿನ ಯೋಸೇಫನನ್ನು ಅಣ್ಣಂದಿರೇ ಮಾರಿಬಿಟ್ಟಿದ್ದರು. ಬರ ಬಂದಾಗ ಅವನೇ ಅವರನ್ನೆಲ್ಲ ಸಲಹಿದ. ಅಲ್ಲಿ ಬರುವುದು ಈ ಪದವೇ. ಬರೀ ಅನ್ನ ಹಾಕುವುದಲ್ಲ, ಕುಸಿಯದಂತೆ ಹಿಡಿದುಕೊಳ್ಳುವುದು, ತಾಳಿಕೊಳ್ಳುವುದು ಎಲ್ಲ ಅದರಲ್ಲಿದೆ. ಇಷ್ಟು ಹೇಳಿ, ಚಮಚ ಹತ್ತಿರ ಬಂದ ಕೂಡಲೇ ಬಾಯಿಗೆ ಬೀಗ ಹಾಕಿದಳು.

"ಇಷ್ಟು ವರ್ಷ ನಿಮ್ಮನ್ನ ತಾಳ್ಕೊಂಡಿದೀನಲ್ಲ ಅತ್ತೆ, ಅರ್ಧ ಕೆಲಸ ಆಯ್ತು. ಇನ್ನರ್ಧಕ್ಕೆ ಬಾಯಿ ತೆಗೀರಿ."

"ನಿನ್ನ ಅಡುಗೆ ನಾನು ತಾಳ್ಕೊಂಡಿಲ್ವೇನೇ?" ಎಂದು ಅತ್ತೆ ಹಲ್ಲು ಬಿಡದೆಯೇ ಕೇಳಿದಳು.

ಸೊಸೆ ಮತ್ತೆ ಚಮಚ ಎತ್ತಿದಳು. ಅತ್ತೆ ಅವಳನ್ನೇ ದಿಟ್ಟಿಸಿದಳು. "ಉಣ್ಣೋಳು ನಾನು. ನೀನ್ಯಾಕೆ ಬಾಯಿ ಬಿಡ್ತೀಯ?"

ತಾನೆಲ್ಲಿ ಬಿಟ್ಟೆ ಎಂದು ಸೊಸೆ ವಾದಕ್ಕೇ ನಿಂತಳು. ಆದರೆ ಚಮಚ ಮೇಲೇರಿದ ಹಾಗೆಲ್ಲ ಅವಳ ಬಾಯಿ ಗೂಡಿನ ಮರಿಹಕ್ಕಿಯ ಕೊಕ್ಕಿನಂತೆ ತಾನಾಗಿ ತೆರೆಯುತ್ತಿತ್ತು. ಬಾಗಿಲಲ್ಲಿ ನಿಂತ ಗಂಡನದೂ ತೆರೆದುಕೊಂಡಿತು. ಅತ್ತೆ ತುಟಿ ಬಿಗಿಹಿಡಿದಳು, ಕೆನ್ನೆ ಉಬ್ಬಿಸಿದಳು, ಕಡೆಗೆ ತಡೆಯಲಾರದೆ ಕಿಸಕ್ಕನೆ ನಕ್ಕಳು. ಅಷ್ಟು ಸಂದು ಸಾಕಿತ್ತು. ಗಂಜಿ ಒಳಗೆ ಹೋಯಿತು. ಹೋಗದಿದ್ದದ್ದು ಸೊಸೆಯ ಖಾಕಿಯ ಮೇಲೆ ಬಿತ್ತು.

ನಾದಿನಿ ಬಂದಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅತ್ತೆಗೆ ಹಿಡಿಯಲು ಕೈಯಿರಲಿಲ್ಲ. ಇವರಿಗೆಲ್ಲ ತಲೆ ಕೆಟ್ಟಿದೆಯೆಂದು ಸಿಡುಕುತ್ತ ನಾದಿನಿ ಚಮಚ ಕಸಿದುಕೊಂಡಳು, ಗಂಭೀರವಾಗಿ ಅಮ್ಮನ ಕಡೆಗೆ ಚಾಚಿದಳು, ತನ್ನ ಬಾಯಿಯನ್ನು ಎಲ್ಲರಿಗಿಂತ ಅಗಲವಾಗಿ ತೆರೆದಳು.

ಅತ್ತೆ ನಗುತ್ತ ನಗುತ್ತಲೇ ಬಟ್ಟಲು ಖಾಲಿ ಮಾಡಿದಳು. ಆಮೇಲೆ ಮಗಳಿಗೆ ಹೇಳಿದಳು: "ನೀನು ಹೊರಡು. ಇವಳ ಬಾಯಿ ನೋಡದೆ ನಂಗೆ ಗಂಜಿ ಇಳಿಯಲ್ಲ."

ಸೊಸೆ ಇನ್ನೊಂದು ಬಟ್ಟಲು ತುಂಬಿಸಿ ತಂದಳು.

"ಉಪ್ಪು ಕಡಿಮೆ," ಎಂದಳು ಅತ್ತೆ.

ಮನೆ ಮೊದಲಿನಂತಾಯಿತು ಎಂದುಕೊಂಡು ಸೊಸೆ ಉಪ್ಪಿನ ಡಬ್ಬಿಗೆ ಓಡಿದಳು.