ಹುಮನಾಬಾದಿನಿಂದ ಬಂದವರು

ನನ್ನ ಸೋಫಾ ನನಗಿಂತ ಹೆಚ್ಚು ಮದುವೆ ಮಾತುಕತೆಗಳನ್ನು ಕೇಳಿದೆ. ಪಕ್ಕದ ಮನೆಯ ಅಲ್ಲಾಬಕ್ಷ ಭಾಯಿಯ ಮನೆಗೆ ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಅದು ನಮ್ಮ ಹೊಸ್ತಿಲು ದಾಟಿ ಅವರ ಪಡಸಾಲೆಗೆ ಹೋಗುತ್ತದೆ. ಸಂಜೆಗೆ ಸಂದಿಯಲ್ಲಿ ಒಂದಿಷ್ಟು ಬಿಸ್ಕತ್ತಿನ ಪುಡಿ ತುಂಬಿಕೊಂಡು ವಾಪಸು ಬರುತ್ತದೆ. ಅವರ ದೊಡ್ಡ ಮಗಳು ಮುಸ್ಕಾನಳ ಮದುವೆ ಕುದುರಿದ್ದೂ ಅದರ ಮೇಲೆಯೇ. ನನಗೇನೂ ಬೇಜಾರಿಲ್ಲ. ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿಕೊಂಡು ಒಬ್ಬಳೇ ಇರುವ ಈ ದ್ರೌಪತಿ ಬಾಯಿಗೆ ಕೂರಲು ಒಂದು ಕುರ್ಚಿ ಸಾಕು.

ಅಲ್ಲಾಬಕ್ಷ ಭಾಯಿ ತಗಡಿನ ಟ್ರಂಕು ಮಾಡುವವರು. ಒಂದು ಕಾಲದಲ್ಲಿ ಈ ಊರಿನ ಯಾವ ಮದುಮಗಳೂ ಅವರ ಟ್ರಂಕಿಲ್ಲದೆ ಗಂಡನ ಮನೆಗೆ ಹೋಗುತ್ತಿರಲಿಲ್ಲ. ಈಗ ಎಲ್ಲರಿಗೂ ಅಲಮಾರಿ ಬೇಕು, ಗಾಲಿ ಇರುವ ಸೂಟ್‌ಕೇಸು ಬೇಕು. ಕೋಟೆ ರಸ್ತೆಯ ಬಾಡಿಗೆ ಅಂಗಡಿಯಲ್ಲಿ ಅವರು ಹಳೇ ಕೂಲರುಗಳ ತಳಕ್ಕೆ ತೇಪೆ ಹಾಕುತ್ತಾ ಕೂತಿರುತ್ತಾರೆ. ಆದರೆ ಮಾತು ಮಾತ್ರ ಇಂದಿಗೂ ಆ ಕಾಲದ್ದೇ.

ಅವರ ಕಿರಿಯ ಮಗಳು ರುಬೀನಾ ನನ್ನ ವಿದ್ಯಾರ್ಥಿನಿ. ಒಂಬತ್ತನೇ ತರಗತಿಯಲ್ಲಿ ನಾನು ತುಕ್ಕಿನ ಪಾಠ ಮಾಡುತ್ತಿದ್ದಾಗ ಎದ್ದು ನಿಂತು, "ಮೇಡಮ್, ಬಣ್ಣ ಎಲ್ಲಾ ಕಡಿ ಒಂದೇ ಹಚ್ಚಿರ್ತದ. ಮತ್ತ ಟ್ರಂಕು ಯಾವಾಗೂ ಮೂಲಿ ಮಡಚಿದಲ್ಲೇ ಯಾಕ ಮೊದಲು ಸಾಯ್ತದ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ, ಕೂತುಕೋ ಎಂದೆ. ಹುಡುಗಿ ಕೂತಳೇ ಹೊರತು ಪ್ರಶ್ನೆ ಬಿಡಲಿಲ್ಲ. ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದ ಮೇಲೂ ಅದೇ ಪ್ರಶ್ನೆ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಕಾರಣ ಸಿಕ್ಕಿದೆ, ತಡೆಯುವ ದಾರಿ ಸಿಕ್ಕಿಲ್ಲ, ಅದರ ಮೇಲೆಯೇ ಪಿಎಚ್.ಡಿ. ಮಾಡಬೇಕು, ಎಲ್ಲಿ ಮಾಡಬೇಕು?

ಆ ಬೇಸಿಗೆ ರಜೆಯಿಡೀ ನಾವಿಬ್ಬರೂ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ದೇಶದ ಮೂಲೆಮೂಲೆಯಲ್ಲಿ ತುಕ್ಕು ಹುಡುಕಿದೆವು. ಯಾವ ವಿಶ್ವವಿದ್ಯಾಲಯದಲ್ಲಿ ಯಾರು ಏನು ಸಂಶೋಧನೆ ಮಾಡುತ್ತಿದ್ದಾರೆ, ಅವರ ಹಳೇ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಹಾಸ್ಟೆಲು ಇದೆಯೋ ಇಲ್ಲವೋ, ಎಲ್ಲ ಕೆದಕಿದೆವು. ಪ್ರೊಫೆಸರುಗಳಿಗೆ ಪತ್ರ ಬರೆದೆವು. ಮೊದಲ ಪತ್ರಗಳು ನನ್ನವು. 'ತಮ್ಮ ಪಾದಾರವಿಂದಗಳಲ್ಲಿ' ಎನ್ನುವುದೊಂದು ಬಿಟ್ಟು ಎಲ್ಲ ಇತ್ತು. ಒಬ್ಬರೂ ಉತ್ತರ ಕೊಡಲಿಲ್ಲ. ಆಮೇಲೆ ರುಬೀನಾ ನನ್ನನ್ನು ಬದಿಗೆ ಸರಿಸಿ, ಟ್ರಂಕಿನ ಮೂಲೆಯ ಪ್ರಶ್ನೆಯನ್ನೇ ನೇರವಾಗಿ ಬರೆದು ಕಳಿಸಿದಳು. ತಮಿಳುನಾಡಿನ ಸಮುದ್ರದ ದಂಡೆಯ ಒಂದು ಸಂಸ್ಥೆಯಿಂದ ಪ್ರೊಫೆಸರಮ್ಮ ಒಬ್ಬರು ಬರೆದರು: ಬಾ, ನಾನು ಮಾರ್ಗದರ್ಶನ ಮಾಡುತ್ತೇನೆ, ಆದರೆ ಮೊದಲೆರಡು ವರ್ಷ ಕೊಡಲು ನನ್ನ ಬಳಿ ಶಿಷ್ಯವೇತನವಿಲ್ಲ.

ಹಾಗಾಗಿ ಶಿಷ್ಯವೇತನದ ಬೇಟೆ ಶುರುವಾಯಿತು. ಒಂದಕ್ಕೆ ಅವಳ ವಯಸ್ಸು ಮೀರಿತ್ತು. ಇನ್ನೊಂದು ವಿದೇಶಕ್ಕೆ ಹೋಗುವವರಿಗೆ ಮಾತ್ರ. ಮತ್ತೊಂದು ನಿಂತುಹೋಗಿ ಬಹಳ ಕಾಲವಾಗಿದ್ದರೂ ಅದರ ವೆಬ್‌ಸೈಟು ಮಾತ್ರ ಹಲ್ಲು ಕಿರಿಯುತ್ತಾ ನಿಂತಿತ್ತು. ಕೊನೆಗೆ ಸಿಕ್ಕಿದ್ದು ಹೈದರಾಬಾದಿನ ಒಂದು ಟ್ರಸ್ಟು. ನಮ್ಮ ಭಾಗದ ಮಕ್ಕಳಿಗೆ ಸಂಶೋಧನೆ ಮಾಡಲು ನೆರವು ಕೊಡುತ್ತದೆ. ಅರ್ಜಿ ಓದುತ್ತದೆ, ತನ್ನವರೊಬ್ಬರನ್ನು ಮನೆ ನೋಡಲು ಕಳಿಸುತ್ತದೆ, ಆಮೇಲೆ ತೀರ್ಮಾನ. ರುಬೀನಾ ಅರ್ಜಿ ಹಾಕಿದಳು. ಇದು ತಪ್ಪಿದರೆ ಬೇರೆ ದಾರಿಯಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಅವಳ ತಾಯಿ ಮಲಿಕಾ ಹುಮನಾಬಾದಿನ ಒಂದು ಸಂಬಂಧ ಹಿಡಿದಿದ್ದಳು. ಹುಡುಗನದು ಔಷಧಿ ಅಂಗಡಿ. ಅವರ ಮನೆಯ ಹಿರಿಯರೊಬ್ಬರು ಮೊದಲು ಬಂದು ಮನೆ ಹೇಗಿದೆ, ಜನ ಹೇಗೆ ಅಂತ ನೋಡಿಕೊಂಡು ಹೋಗುತ್ತಾರೆ, ಇಂಥ ಹೊತ್ತಿಗೇ ಅಂತಿಲ್ಲ, ಭಾನುವಾರ ಬರಬಹುದು ಎಂದು ಸಂಬಂಧ ಹೇಳುವ ಹೆಂಗಸು ತಿಳಿಸಿದ್ದಳು. ಭಾನುವಾರ ಬೆಳಿಗ್ಗೆಯೇ ನನ್ನ ಸೋಫಾ ಹೊರಟಿತು.

ಮಧ್ಯಾಹ್ನ ಬಾಗಿಲಲ್ಲಿ ಬಿಳಿ ಗಡ್ಡದ, ಹೆಗಲಿಗೆ ಬಟ್ಟೆ ಚೀಲ ಹಾಕಿದ ಒಬ್ಬ ಹಿರಿಯರು ನಿಂತಿದ್ದರು. "ಹುಮನಾಬಾದದಿಂದ ಬಂದೇನ್ರಿ. ನನ್ನ ಹೆಸರು ಅಜೀಮ್" ಎಂದರು. ಅಷ್ಟೇ. ಮುಂದೆ ಹೇಳಲು ಅಲ್ಲಾಬಕ್ಷ ಭಾಯಿ ಎಲ್ಲಿ ಬಿಟ್ಟರು! "ಬರ್ರಿ ಬರ್ರಿ, ಕುಂದರ್ರಿ" ಎಂದು ಕೈ ಹಿಡಿದು ಒಳಗೆ ಕರೆದು ತಂದು ಸೋಫಾದ ನಟ್ಟನಡುವೆ ಕೂರಿಸಿದರು. ನೀರು, ಚಹಾ ಆಗುವ ಮೊದಲು ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಕೇಳುವ ಅಗತ್ಯವಾದರೂ ಏನಿತ್ತು?

ನಾನು, ಮಲಿಕಾ ಅಡುಗೆಮನೆಯಲ್ಲಿದ್ದೆವು. ಪರದೆಯಾಚೆಯಿಂದ ಭಾಯಿಯ ದನಿ ಕೇಳುತ್ತಿತ್ತು. ಅಂಗಡಿ ಸ್ವಂತದ್ದಾಯಿತು. ಕೆಲಸಕ್ಕೆ ಆಳುಗಳು ಬಂದರು. ಬೀದರಿನಿಂದಲೂ ಆರ್ಡರು ಬರತೊಡಗಿತು.

"ನಿಮ್ಮ ಗಂಡ ಇನ್ನ ಸ್ವಲ್ಪ ಹೊತ್ತಿಗೆ ಊರ ಕೋಟಿನೂ ನಂದೇ ಅಂತಾರ" ಎಂದೆ. ಮಲಿಕಾ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

ಚಹಾದ ಕಪ್ಪುಗಳಲ್ಲಿ ಒಂದಕ್ಕೆ ಕಿವಿ ಇರಲಿಲ್ಲ. ಒಳ್ಳೆಯವನ್ನು ತರಲು ನಾನು ನನ್ನ ಮನೆಗೆ ಹೋದೆ. ಬರುವಷ್ಟರಲ್ಲಿ ರುಬೀನಾ ಬಿಸ್ಕತ್ತಿನ ತಟ್ಟೆ ಇಟ್ಟು ಒಳಗೆ ಬಂದಿದ್ದಳು. "ಏನು ಕೇಳಿದ್ರು?" ಎಂದೆ. "ಏನಿಲ್ಲ ಮೇಡಮ್" ಎಂದು ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಹಿರಿಯರು ಏಳುವಾಗ ಸೋಫಾದ ತೋಳಿನ ಮೇಲೆ ಕೈಯಾಡಿಸಿ, "ಸೋಫಾ ಛಲೋ ಅದ" ಎಂದರು.

"ಹೈದ್ರಾಬಾದದಿಂದ ತರಸೀನ್ರಿ" ಎಂದರು ಭಾಯಿ. ಅದನ್ನು ನಾನು ಹುಮನಾಬಾದಿನಲ್ಲಿ ಕಂತಿನ ಮೇಲೆ ಕೊಂಡದ್ದು.

ಮರುದಿನ ಸಂಬಂಧ ಹೇಳುವ ಹೆಂಗಸು ಫೋನು ಮಾಡಿದಳು. ಹುಡುಗನ ಕಡೆಯ ಹಿರಿಯರಿಗೆ ಮೊಣಕಾಲು ಹಿಡಿದುಕೊಂಡು ನಿನ್ನೆ ಬರಲಾಗಲಿಲ್ಲ, ಮುಂದಿನ ಭಾನುವಾರ ಖಂಡಿತ ಬರುತ್ತಾರೆ ಎಂದಳು. ಮಲಿಕಾ ಫೋನು ಹಿಡಿದುಕೊಂಡೇ ಗಂಡನ ಮುಖ ನೋಡಿದಳು. ಹಾಗಾದರೆ ಚಹಾ ಕುಡಿದು ಹೋದವರು ಯಾರು? ಉತ್ತರ ವಾರದ ಮಧ್ಯೆ ರುಬೀನಾಳ ಫೋನಿಗೆ ಬಂತು. ಟ್ರಸ್ಟಿನ ಪರವಾಗಿ ಅಜೀಮ್ ಸಾಹೇಬರು ಮನೆಗೆ ಭೇಟಿ ಕೊಟ್ಟಿದ್ದಾರೆ, ಅವರ ವರದಿಯ ಪ್ರಕಾರ ಈ ವರ್ಷ ನೆರವು ಸಾಧ್ಯವಿಲ್ಲ, ವಿಷಾದಿಸುತ್ತೇವೆ.

ನಾನು ಬಾಯಿಗೆ ಬಂದಂತೆ ಅಂದೆ. "ಅಂಗಡಿ ಸ್ವಂತದ್ದು, ಆಳು ಮಂದಿ, ಹೈದ್ರಾಬಾದ ಸೋಫಾ! ಈಗ ಅದನ್ನ ಮಾರಿ ಮಗಳ ಫೀಸು ಕಟ್ರಿ!" ಎಂದು ಕೂಗಿದೆ. ಅಲ್ಲಾಬಕ್ಷ ಭಾಯಿ ತಲೆ ತಗ್ಗಿಸಿ ಟವಲು ಮಡಚುತ್ತಾ ಕೂತರು. ಮಾತಿನ ಮನುಷ್ಯ ಸುಮ್ಮನಾದರೆ ನೋಡಲು ಕಷ್ಟ. ನನಗೆ ನನ್ನ ಮೇಲೆಯೇ ಬೇಸರವಾಯಿತು.

"ನಾ ಹೋಗಿ ಹೇಳ್ತೀನಿ ಬಾಯಾರ" ಎಂದರು ಕೊನೆಗೆ. "ನಾ ಬಡವ ಅದೀನಿ ಅಂತ ಹೇಳ್ತೀನಿ."

"ಹುಮನಾಬಾದದಾಗ ಹೋಗಿ ಹೇಳ್ತೀರಿ?" ಎಂದಳು ಮಲಿಕಾ. "ಹುಡುಗನ ಮನಿಗೂ ಅಜೀಮ್ ಸಾಹೇಬ್ರ ಮನಿಗೂ ಎಷ್ಟು ದೂರ ಇದ್ದೀತು? ಸಂಜೀಕ ಊರಿಗೆಲ್ಲಾ ಗೊತ್ತಾಗ್ತದ. ಈ ಸಂಬಂಧನೂ ಹೋಗ್ತದ."

ಭಾಯಿ ಚಪ್ಪಲಿ ಹಾಕಿಕೊಂಡರು. ನಾನು ಶಾಲೆಗೆ ರಜೆ ಹಾಕಿ ರುಬೀನಾಳ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭಾಯಿ ತುಟಿಯೊಳಗೇ ಏನೋ ಅಂದುಕೊಳ್ಳುತ್ತಿದ್ದರು. ಜೀವಮಾನದಲ್ಲಿ ಒಮ್ಮೆಯೂ ಆಡದ ಮಾತು, ಪಾಪ, ಬಾಯಿಪಾಠ ಮಾಡಬೇಕಲ್ಲ.

ಅಜೀಮ್ ಸಾಹೇಬರು ನಿವೃತ್ತ ಕಾಲೇಜು ಉಪನ್ಯಾಸಕರು. ಅವರ ಮನೆಯಲ್ಲಿ ಇದ್ದದ್ದು ಪ್ಲಾಸ್ಟಿಕ್ ಕುರ್ಚಿಗಳು. ಎಷ್ಟು ಹೇಳಿದರೂ ಅಲ್ಲಾಬಕ್ಷ ಭಾಯಿ ಕೂರಲಿಲ್ಲ.

"ಸಾಹೇಬ್ರ, ಆ ಸೋಫಾ ನಂದಲ್ಲ. ಈ ಬಾಯಾರ್ದು. ಅಂಗಡಿ ಬಾಡಗಿದು. ಆಳು ಇಲ್ಲ, ಆರ್ಡರಿಲ್ಲ. ಟ್ರಂಕು ಯಾರೂ ಒಯ್ಯಂಗಿಲ್ಲ. ನೀವು ಹುಡುಗನ ಕಡಿಯವರಂತ ತಿಳಕೊಂಡು ಸುಳ್ಳು ಹೇಳಿದೆ. ನಾ ಗರೀಬ ಅದೀನ್ರಿ." ಹೇಳಿ ಮುಗಿಸಿದ ಮೇಲೆ ಟವಲಿನಿಂದ ಮುಖ ಒರೆಸಿಕೊಂಡರು.

ಸಾಹೇಬರಿಗೆ ನಗು ಬಂತು. ಆದರೆ ಅದು ಅವಮಾನ ಮಾಡುವ ನಗುವಲ್ಲ. "ನಿಮ್ಮ ಅಂಗಡಿ ನೋಡಿಕೊಂಡೇ ಮನಿಗೆ ಬಂದಿದ್ದೆ. ಸೋಫಾ ನಿಮ್ದಲ್ಲಂತ ಕುಂತ ಕೂಡ್ಲೇ ಗೊತ್ತಾತು. ಅದರ ಕಾಲಿನ ಗುರುತು ಪಕ್ಕದ ಮನಿಯಿಂದ ಬಾಗಲತನಕ ಮಣ್ಣಾಗ ಇತ್ತು. ಮನಿಗೆ ನೆರವು ಬೇಕೇಬೇಕಂತ ನಾನೇ ಬರದೇನಿ."

"ಮತ್ತ ಯಾಕ ಇಲ್ಲ ಅಂದ್ರಿ?" ಎಂದೆ ನಾನು.

"ಹುಡುಗಿಗೆ ಕೇಳಿದೆ, ಮುಂದ ಓದೂ ಮನಸ್ಸು ಅದ ಏನು ಬೇಟಾ ಅಂತ. ಅಕಿ ಅಂದಳು, ಇಲ್ರಿ, ಓದಿದ್ದು ಸಾಕು ಅಂತ. ಅಲ್ಲಾಬಕ್ಷ ಸಾಹೇಬ್ರ, ನಿಮ್ಮ ಮಾತು ನಾ ಒಂದೂ ನಂಬಲಿಲ್ಲ. ಹುಡುಗಿ ಮಾತು ನಂಬಿದೆ."

ಮೂವರೂ ರುಬೀನಾಳ ಕಡೆ ತಿರುಗಿದೆವು. ನನಗೆ ಮೈಯೆಲ್ಲ ಉರಿದುಹೋಯಿತು. ಬೇಸಿಗೆಯಿಡೀ ಕಣ್ಣು ಕೆಂಪಾಗುವಂತೆ ಹುಡುಕಿದ್ದು, ಬರೆದದ್ದು, ತಿದ್ದಿದ್ದು, ಎಲ್ಲವನ್ನೂ ಈ ಹುಡುಗಿ ಒಂದು ಬಿಸ್ಕತ್ತಿನ ತಟ್ಟೆ ಇಡುವಷ್ಟರಲ್ಲಿ ಬಿಟ್ಟುಕೊಟ್ಟಿದ್ದಳು.

"ಯಾರ ಹಂಗ ಅನ್ನು ಅಂತ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ ಮೇಡಮ್" ಎಂದಳು. ದನಿ ಬಹಳ ಸಣ್ಣದಾಗಿತ್ತು. "ಮುಸ್ಕಾನ ಆಪಾನೂ ಅಲ್ಲೇ ನಿಂತು ಹಂಗೇ ಅಂದಿದ್ದಳು. ಅಬ್ಬಾನ ಮುಖ ನೋಡಿದೆ, ಬಾಯಿಗೆ ಅದೇ ಬಂತು."

ನನ್ನ ಸಿಟ್ಟು ಅಲ್ಲಿಗೇ ಸತ್ತಿತು. ಮುಸ್ಕಾನ ಹಾಗೆ ಅಂದ ದಿನವೂ ನಾನು ಅದೇ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಆ ಹುಡುಗಿಗೆ ನರ್ಸಿಂಗ್ ಓದುವ ಆಸೆಯಿದ್ದದ್ದು ನನಗೆ ಗೊತ್ತಿತ್ತು. ಈಗ ಜಹೀರಾಬಾದಿನಲ್ಲಿ ಎರಡು ಮಕ್ಕಳ ತಾಯಿ, ಚೆನ್ನಾಗಿಯೇ ಇದ್ದಾಳೆ, ಯಾರೂ ಅವಳನ್ನು ಆ ಮಾತು ಮತ್ತೆ ಕೇಳಿಲ್ಲ.

"ಇವತ್ತೂ ಅಬ್ಬಾ ಇಲ್ಲೇ ಇದ್ದಾರ" ಎಂದರು ಅಜೀಮ್ ಸಾಹೇಬರು. "ಅವರ ಮುಂದೇ ಕೇಳ್ತೀನಿ. ಓದಬೇಕನ್ನಿಸ್ತದ ಏನು?"

ರುಬೀನಾ ತಂದೆಯ ಕಡೆ ನೋಡಿದಳು. ಉತ್ತರಿಸಲು ಅವರೇ ಬಾಯಿ ತೆರೆದಿದ್ದರು, ರೂಢಿ. ಆಮೇಲೆ ಬಾಯಿ ಮುಚ್ಚಿಕೊಂಡು ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತರು.

"ಅದ ರಿ. ಬಹಳ ಅದ" ಎಂದಳು. ಏನು ಓದಬೇಕು, ಯಾಕೆ, ಎಲ್ಲ ಹೇಳತೊಡಗಿದಳು. ಮೊದಮೊದಲು ತಡವರಿಸಿದಳು, ಆಮೇಲೆ ತಡೆದರೂ ನಿಲ್ಲುವಂತಿರಲಿಲ್ಲ. ಅಜೀಮ್ ಸಾಹೇಬರು ಇತಿಹಾಸದವರು, ಎಷ್ಟು ತಿಳಿಯಿತೋ ಏನೋ. ತಿಳಿದವರ ಹಾಗೆ ಮುಂದಕ್ಕೆ ಬಾಗಿ ಕೇಳುತ್ತಿದ್ದವರು ಅಲ್ಲಾಬಕ್ಷ ಭಾಯಿ.

"ಹಂಗಾದ್ರ ನನ್ನ ಟ್ರಂಕಿನ ಮೂಲಿ ಯಾಕ ಹೋಗ್ತದ?" ಎಂದು ನಡುವೆ ಕೇಳಿದರು. ಮಗಳನ್ನು ಅವರು ಅವಳ ಓದಿನ ಬಗ್ಗೆ ಏನನ್ನಾದರೂ ಕೇಳಿದ್ದು ನಾನು ಅಂದೇ ಕಂಡದ್ದು.

"ಮಡಚಿದಲ್ಲಿ ಹಸಿ ಕುಂತಿರ್ತದ ಅಬ್ಬಾ, ಆದ್ರ ಗಾಳಿ ಹೋಗಂಗಿಲ್ಲ. ಹೊರಗ ಗಾಳಿ ಬೇಕಾದಷ್ಟು. ಗಾಳಿ ಸಿಗಲಾರದ ಕಡಿಯೇ ತಗಡು ಮೊದಲು ತಿಂದುಹೋಗ್ತದ. ಹೊರಗಿನ ಬಣ್ಣ ನೋಡಿದ್ರ ಹೊಸಾದೇ ಕಾಣ್ತದ."

ಭಾಯಿ ತಲೆಯಾಡಿಸಿದರು. ಹೊಸದಾಗಿ ವರದಿ ಬರೆಯುತ್ತೇನೆ, ಆದರೆ ಒಮ್ಮೆ ಇಲ್ಲವೆಂದದ್ದನ್ನು ಸಮಿತಿ ತಿರುಗಿ ನೋಡುತ್ತದೋ ಇಲ್ಲವೋ, ಮಾತು ಕೊಡಲಾರೆ ಎಂದರು ಅಜೀಮ್ ಸಾಹೇಬರು.

ವಾಪಸು ಬರುವ ಬಸ್ಸಿನಲ್ಲಿ ರುಬೀನಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಭಾಯಿ ನನ್ನ ಕಡೆ ಬಾಗಿ, "ಬಾಯಾರ, ಮುಸ್ಕಾನಗ ಏನು ಓದೂದಿತ್ತು?" ಎಂದು ಕೇಳಿದರು. ಹೇಳಿದೆ. ರಾಜೇಶ್ವರ ಊರು ದಾಟಿದ ಮೇಲೂ ಅವರು ಮುಂದಿನ ಸೀಟಿನ ತಗಡಿನ ಅಂಚನ್ನು ಬೆರಳಿನಿಂದ ಸವರುತ್ತಲೇ ಇದ್ದರು.

ಭಾನುವಾರ ಬೆಳಿಗ್ಗೆ ನಾನು ಸೋಫಾದ ದಿಂಬುಗಳನ್ನು ಜಾಡಿಸಿ ಸಿದ್ಧಮಾಡಿ ಇಟ್ಟಿದ್ದೆ. ಭಾಯಿ ಬಂದು ಬಾಗಿಲಲ್ಲೇ ನಿಂತರು. "ಸೋಫಾ ಇರಲಿ ಬಾಯಾರ. ನೀವು ಬರ್ರಿ. ಅಡಗಿ ಮನ್ಯಾಗಲ್ಲ, ಪಡಸಾಲ್ಯಾಗ ಕುಂದರ್ರಿ."

ಹುಡುಗನ ಕಡೆಯ ಹಿರಿಯರನ್ನು ಕೂರಿಸಿದ್ದು ಎರಡು ಟ್ರಂಕು ಸೇರಿಸಿ ಮೇಲೆ ಕೌದಿ ಹಾಸಿದ ಆಸನದ ಮೇಲೆ. ಅವರು ಸುತ್ತಮುತ್ತ ನೋಡಿದರು, ಮೊಣಕಾಲು ನೀವಿಕೊಂಡರು, ಚಹಾ ಕುಡಿದರು. ಹುಡುಗಿ ಗುಣವಂತೆ ಎಂದು ಕೇಳಿದ್ದೇವೆ, ನಮಗೆ ಬೇರೇನೂ ಬೇಡ ಎಂದರು. ಒಳ್ಳೆಯ ಮನುಷ್ಯರೇ ಇರಬೇಕು. ಆಮೇಲೆ ನಗುತ್ತಾ ರುಬೀನಾಳನ್ನು ಕೇಳಿದರು: "ಓದೂದೆಲ್ಲಾ ಮುಗೀತಲ್ಲ ಬೇಟಾ?"

"ಇಲ್ರಿ" ಎಂದಳು ರುಬೀನಾ. "ಇನ್ನ ಐದು ವರ್ಷ ಓದೂದದ. ತಮಿಳುನಾಡಿಗೆ ಹೋಗ್ತೀನಿ."

ಹಿರಿಯರ ನಗು ಹಾಗೇ ನಿಂತಿತು. ಇದನ್ನು ಯಾರಾದರೂ ಸರಿಪಡಿಸುತ್ತಾರೆಂದು ಅವರು ಅಲ್ಲಾಬಕ್ಷ ಭಾಯಿಯ ಕಡೆ ತಿರುಗಿದರು. ಪರದೆಯ ಸಂದಿಯಿಂದ ಮಲಿಕಾ ಇಣುಕಿದಳು.

"ನನ್ನ ಕಡಿ ಯಾಕ ನೋಡ್ತೀರಿ ಸಾಹೇಬ್ರ?" ಎಂದರು ಭಾಯಿ. "ಹುಡುಗಿ ಹೇಳಿದಳಲ್ಲ."

ಹಿರಿಯರು ಮರ್ಯಾದೆಯಿಂದಲೇ ಎದ್ದು ಹೋದರು, ಮತ್ತೆ ಆ ಕಡೆಯಿಂದ ಫೋನು ಬರಲಿಲ್ಲ. ಟ್ರಸ್ಟಿನ ಒಪ್ಪಿಗೆ ಬಂದಿತು, ಆದರೆ ಅದು ತಿಂಗಳ ಕೊನೆಗೆ. ಅಲ್ಲಾಬಕ್ಷ ಭಾಯಿ ಆ ಮಾತು ಆಡಿದ ಹೊತ್ತಿನಲ್ಲಿ ಅವರ ಕೈಯಲ್ಲಿ ನೆರವೂ ಇರಲಿಲ್ಲ, ಸಂಬಂಧವೂ ಉಳಿದಿರಲಿಲ್ಲ.