ಓಟಿನ ರೂಮು

ಕುರ್ಚಿಯ ಗಾಲಿ ಕೀಂಯ್ ಅಂದಿತು, ಇಲಿಯ ಬಾಲ ತುಳಿದ ಹಾಗೆ, ಸಿದ್ದಲಿಂಗಮ್ಮ ಸೆರಗನ್ನು ಮಡಿಲಿಗೆ ಎಳೆದುಕೊಂಡಳು, ಇನ್ನೊಬ್ಬರ ಕೈಲಿ ನೂಕಿಸಿಕೊಳ್ಳುವ ಹೆಂಗಸೇ ತಾನು, ಬಸುರಿಯಾಗಿದ್ದಾಗ ಮೇಲುಕೋಟೆ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ, ಅದೇ ದಿನ ಇಳಿದು ಊರಿಗೆ ಬಂದು, ಹೊತ್ತು ಮುಳುಗುವುದರೊಳಗೆ ಒಂದು ಪಲ್ಲ ರಾಗಿ ಬೀಸಿದವಳು, ಈ ಸೀಮೆಯಲ್ಲಿ ಅಂಥವಳು ಇನ್ನೊಬ್ಬಳಿದ್ದರೆ ತೋರಿಸಲಿ — ಅರ್ಧ ಸುಳ್ಳು, ಇರಲಿ, ಬರುವಾಗ ಬೆಲ್ಲದ ಲಾರಿ ಸಿಕ್ಕಿತ್ತು, ರಾಗಿ ಬೀಸಿದ್ದು ಅತ್ತೆ, ಆದರೆ ಹತ್ತಿದ್ದು ನಿಜ, ಹೊಟ್ಟೆಯಲ್ಲಿ ಕೂಸಿದ್ದದ್ದೂ ನಿಜ, ಅಂಥವಳನ್ನು ಇವತ್ತು ಓಟಿನ ದಿನ ಅಂತ ಸ್ಕೂಲಿನ ಗೇಟಿನಲ್ಲೇ ತಡೆದು, ಚಿನಕುರಳಿಯಲ್ಲಿ ಆಟೊ ಓಡಿಸುವ ಜಾಹಿದ್ ಗಾಲಿಕುರ್ಚಿಗೆ ಕೂರಿಸಿಬಿಟ್ಟ. ಅರೆ ಬಾರಜ್ಜಿ, ವಯಸ್ಸಾದೋರ್ನೆಲ್ಲ ಇದ್ರಲ್ಲೇ ಕರ್ಕಬಾ ಅಂದವ್ರೆ, ಇವತ್ತೊಂದಿನ ನೀನೇ ಮಾರಾಣಿ, ಸಂಜೆಗೆ ಕುರ್ಚಿ ವಾಪಸ್ಸು. ಹಲ್ಲಿಲ್ದ ಮಾರಾಣಿ ಕಣ್ಲಾ ಜಾಹಿದೂ, ಮೆಲ್ಲಗೆ ನೂಕು, ಕಿರೀಟ ಬಿದ್ದೋದಾತು ಅಂದು ಅವಳೂ ನಕ್ಕು ಕೂತಿದ್ದಳು, ಏರುವಾಗಲೇ ತಲೆ ಕೆಟ್ಟಿದ್ದು. ಮೆಟ್ಟಿಲ ಬದಲು ಸಿಮೆಂಟಿನ ಇಳಿಜಾರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕುರ್ಚಿ ಸಲೀಸಾಗಿ ಮೇಲೆ ಹೋಯಿತು, ಹೊಸ್ತಿಲು ದಾಟಿತು, ಒಳಗೆ ಓಟಿನ ಮೇಜು ಬಿಟ್ಟರೆ ರೂಮು ಖಾಲಿ, ಗುಡಿಸಿ ತೊಳೆದು, ಫ್ಯಾನು ತಿರುಗುತ್ತಾ, ಮೂಲೆಯಲ್ಲಿ ಕುಡಿಯುವ ನೀರು — ಇದೇ ರೂಮು, ನಿಮ್ ಮನೆ ಕಾಯ್ವಾಗ, ಇದೇ ರೂಮು, ಖಾಲಿ ಮಾಡೋದು ಆಗದ ಮಾತು ಅಂತ ಹೆಡ್ ಮಾಸ್ಟರ್ ತಿಮ್ಮರಾಜು ತಲೆಯಾಡಿಸಿದ್ದು ಇದನ್ನೇ. ಆಮೇಲೆ ಯಾವ ಗುಂಡಿ ಒತ್ತಿದಳೋ ಅವಳಿಗೇ ನೆನಪಿಲ್ಲ, ಕುಂಯ್ ಅಂದಿತು, ಬೆರಳಿಗೆ ಮಸಿ ಬಿದ್ದಿತ್ತು, ಇಳಿಜಾರಲ್ಲಿ ಜುಮ್ಮಂತ ಇಳಿದೂ ಆಯಿತು, ಈಗ ಅಂಗಳದಲ್ಲಿ ನಿಂತಿದೆ ಕುರ್ಚಿ, ಎದ್ದರೆ ಮುಗಿಯಿತು, ಅವಳು ಏಳುತ್ತಿಲ್ಲ. ಏಳಲ್ಲ ಕಣ್ಲಾ ಅಂದಳು. ಜಾಹಿದ್ ತಮಾಷೆ ಅಂದುಕೊಂಡ.

ಕೇಳಿಸ್ಕೊಂಡ್ಯಾ ಚಿಕ್ಕಸಿದ್ದಯ್ಯ, ನಿನ್ನ ಹೆಂಡ್ತಿ ಸರಕಾರದ ಕುರ್ಚಿ ಹಿಡಿದವ್ಳೆ — ಬದುಕಿದ್ದಾಗ ಗಂಡನ ಹೆಸರು ಬಾಯಲ್ಲಿ ಆಡಿದವಳಲ್ಲ, ಸತ್ತ ಮೇಲೆ ಬೆಳಿಗ್ಗೆ ಎದ್ದರೆ ಕರೆಯುತ್ತಾಳೆ, ಬರುವುದಿಲ್ಲವಲ್ಲ, ಧೈರ್ಯ. ನಿನ್ನ ಮೊಮ್ಮಗನ ವಿಷಯಕ್ಕೇ ಹಿಡಿದದ್ದು ಮಾರಾಯ. ಕಿಟ್ಟಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ, ಆದರೂ ಮೂರನೇ ಕ್ಲಾಸಿನವರೆಗೆ ಹೇಗೋ ನಡೆಯಿತು, ಗೇಟಿನ ಪಕ್ಕದ ಹಳೇ ಹೆಂಚಿನ ರೂಮು, ನೆಲಮಟ್ಟ, ಕಂಕುಳಲ್ಲಿ ಎತ್ತಿಕೊಂಡು ಬಂದು ಹೊಸ್ತಿಲಲ್ಲಿ ಇಳಿಸಿದರೆ ಕುಂಡಿ ಎಳೆದುಕೊಂಡು ತಾನೇ ಹೋಗಿ ಕೂರುತ್ತಿದ್ದ, ಬರುವ ಜೂನಿಗೆ ನಾಲ್ಕನೆಯದು, ಅದು ಹೊಸ ಕಟ್ಟಡದಲ್ಲಿ, ಎತ್ತರದ ಜಗುಲಿ, ಮೆಟ್ಟಿಲು ಒಂದೊಂದೂ ಮೊಳಕಾಲೆತ್ತರ, ಅವನೋ ಈಗ ಅಕ್ಕಿ ಮೂಟೆಯಷ್ಟು ಭಾರ, ಅಷ್ಟಿಲ್ಲ, ಅರ್ಧ ಮೂಟೆ, ಸೊಂಟಕ್ಕೆ ಗೊತ್ತು. ರಿಸಲ್ಟ್ ಹೇಳುವ ದಿನ ತಿಮ್ಮರಾಜು ಮೇಷ್ಟ್ರು ನಗುತ್ತಲೇ ಹೇಳಿದ್ದು, ಇನ್ಮೇಲೆ ಮನೇಲೇ ಇರ್ಲಿ ಸಿದ್ದಲಿಂಗಮ್ಮ, ಹೆಸರು ಸ್ಕೂಲಲ್ಲೇ ಇರ್ತದೆ, ವಾರಕ್ಕೊಂದ್ಸಲ ಟೀಚರ್ ಮನೆಗೇ ಬಂದು ಹೇಳ್ಕೊಡ್ತಾರೆ, ದೇವರಂಥ ಮಗು, ಅದಕ್ಕೂ ಕಷ್ಟ, ನಿಮಗೂ ಕಷ್ಟ. ದೇವರಂಥ ಮಗುವಂತೆ, ಗೋಲಿಯಾಟದಲ್ಲಿ ಮೋಸ ಮಾಡಿ, ಸಿಕ್ಕಿಬಿದ್ದು, ಕೊನೆಗೆ ಹಿಡಿದವನ ಮೊಣಕೈಯನ್ನೇ ಕಚ್ಚಿದ ದೇವರು ಯಾವ ಗುಡಿಯಲ್ಲಿದ್ದಾನೆ? ದೇವ್ರ ಮಗ ಅಲ್ಲ ಸೋಮಿ, ನನ್ ಮಗನ್ ಮಗ, ಎಲ್ಲಾ ಐಕ್ಳಂಗೆ ನಾಕು ಬಾರುಸ್ರಿ, ಕೂರುಸ್ಕಂಡು ಪಾಠ ಹೇಳ್ರಿ ಅಂದರೆ ಮೇಷ್ಟ್ರು ಮತ್ತೆ ನಕ್ಕರು, ಆ ನಗುವಿಗೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ.

ಮನೆಗೆ ಬರುವ ಟೀಚರ್ ಒಳ್ಳೆಯ ಹುಡುಗಿಯೇ, ಸ್ಕೂಟರಿನಲ್ಲಿ ಬಂದು ನೋಡಿಕೊಂಡು ಹೋದಳು, ಚೀಲದಿಂದ ಬಣ್ಣದ ಪ್ಲಾಸ್ಟಿಕ್ ಬಳೆ ತೆಗೆದು ಕೆಂಪು ಯಾವುದು ಪುಟ್ಟಾ ಅಂದಳು, ಹತ್ತೊಂಬತ್ತರ ಮಗ್ಗಿ ಹೇಳುವವನಿಗೆ — ಹದಿನಾಲ್ಕಕ್ಕೇ ತಡವರಿಸುತ್ತಾನೆ, ಇರಲಿ — ಕಿಟ್ಟಿ ಅಜ್ಜಿಯ ಮುಖ ನೋಡಿದ, ಆಮೇಲೆ ಬೇಕಂತಲೇ ಹಳದಿ ಬಳೆ ಎತ್ತಿಕೊಟ್ಟ, ಆ ಹುಡುಗಿ ಪಾಪ ಬರೆದುಕೊಂಡಳು. ಅವಳಿಗೆ ನೋಡಬೇಕಾದ ಮಕ್ಕಳು ಊರೂರಿಗೆ ಇದ್ದಾರೆ, ಎದ್ದು ಕೂರಲಾರದವು, ಮಾತೇ ಇಲ್ಲದವು, ಅಂಥವರ ಮನೆಗೆ ಹೋಗಲಿ, ಇವನಿಗೆ ಬೇಕಾದ್ದು ಒಂದು ನೆಲಮಟ್ಟದ ಬಾಗಿಲು. ಮನೆಯಲ್ಲಿ ಯಾರಿದ್ದಾರೆ ಅವನಿಗೆ, ಮಗ ಕಲ್ಲಿನ ಕ್ವಾರಿಯಲ್ಲಿ ಟಿಪ್ಪರ್ ಓಡಿಸಲು ಹೋದರೆ, ಸೊಸೆ ಲತ ಗಾರ್ಮೆಂಟ್ಸ್ ವ್ಯಾನ್ ಹತ್ತಿದರೆ, ಉಳಿದದ್ದು ಮುದುಕಿ ಮತ್ತು ಟೀವಿ. ಟೀವಿ ಆಕ್ಬುಡಕ್ಕಾ, ಸುಮ್ಕೆ ಕುಂತಿರ್ತನೆ ಅಂದಳು ಸಿಂಧಘಟ್ಟದ ತಂಗಿ, ಸುಮ್ಕೆ ಕುಂತಿರಕ್ಕೆ ಅವ್ನೇನು ಗುಂಡುಕಲ್ಲೇನಮ್ಮಿ, ಜಗಳ ಆಡಕ್ಕೊಬ್ಬ ಬ್ಯಾಡ್ವಾ, ಟೀವಿನ ಕಚ್ತನಾ? ಅದಕ್ಕೇ ಆಗ ಕೇಳಿದ್ದು ಮೇಷ್ಟ್ರನ್ನು, ಆ ಇಳಿಜಾರಿನ ರೂಮಿಗೆ ನಾಲ್ಕನೇ ಕ್ಲಾಸನ್ನು ಇಳಿಸಿ, ಅದರಲ್ಲಿರುವ ಸಾಮಾನನ್ನು ಮೇಲಿನ ರೂಮಿಗೆ ಹಾಕಿ, ಅದಲು ಬದಲು, ಇಷ್ಟೇ. ಅಯ್ಯೋ, ಮುರಿದ ಬೆಂಚಿದಾವೆ, ಕಂಪ್ಯೂಟರಿದೆ, ಅದನ್ನೆಲ್ಲ ಹೊರೋರು ಯಾರಮ್ಮ. ಹೋದ ಆಫೀಸಿನಲ್ಲೆಲ್ಲ ನೋಡೋಣ ಅಂದರು, ಮೇಜಿನ ಹಿಂದಿನವನೂ ನೋಡೋಣ, ಬಾಗಿಲಲ್ಲಿ ನಿಂತವನೂ ನೋಡೋಣ, ಊರಿಗೂರೇ ನೋಡುತ್ತಾ ಕೂತರೆ ಎತ್ತುವವರು ಯಾರು. ಓಟು ಬಂತು ನೋಡು, ಬೆಂಚು ಎದ್ದು ನಡೆದವು, ಕಂಪ್ಯೂಟರಿಗೆ ರೆಕ್ಕೆ ಬಂತು, ಒಂದು ದಿನಕ್ಕೆ ಇಂದ್ರನ ಆಸ್ಥಾನ. ಕಿಟ್ಟಿಗೆ ಓಟಿಲ್ಲ. ಅದೊಂದೇ ಅವನ ಕಾಯಿಲೆ.

ಅಮ್ಮಾ ಏಳ್ರೀ, ಬೇರೆಯವ್ರು ಕಾಯ್ತಾವ್ರೆ ಅನ್ನುತ್ತಿದ್ದಾನೆ ಬಾಗಿಲಲ್ಲಿ ನಿಂತ ಪೊಲೀಸಿನವ. ಬೀಗದ ಕೈ ಕೊಡಲು ಬಂದಿದ್ದ ತಿಮ್ಮರಾಜು ಮೇಷ್ಟ್ರು ಜಗುಲಿಯಿಂದ ಇಳಿದು ಬಂದರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಏನು ಸಿದ್ದಲಿಂಗಮ್ಮ, ಹುಷಾರಿಲ್ವಾ? ಉಸಾರಾಗೇ ಇವ್ನಿ ಸೋಮಿ, ಈ ರೂಮ್ನ ನಾಕ್ನೇ ಕ್ಲಾಸಿಗೆ ಕೊಡ್ತೀನಿ ಅನ್ನಿ, ಎಲ್ಲಾರ ಮುಂದೆ ಅನ್ನಿ, ಎದ್ದು ಓಯ್ತೀನಿ. ಇದೆಲ್ಲ ಇಲ್ಲಿ ಮಾತಾಡೋ ವಿಷಯ ಅಲ್ಲಮ್ಮ. ಮತ್ತೆಲ್ಲಿ ಮಾತಾಡನ, ನೀವೇಳಿದ್ ಕಡೆಗೆಲ್ಲಾ ಓಗಿ ಬಂದಾಯ್ತು, ಚಪ್ಪಲಿ ಸವೆದು ಪಾದ ಸವೀತಾ ಅದೆ. ಜೂನ್ ಬರಲಿ, ನೋಡೋಣ. ನೋಡಬ್ಯಾಡಿ, ಬಾಗ್ಲು ತಗೀರಿ. ಕ್ಯೂನಲ್ಲಿದ್ದವರು ಕಿಸಕ್ಕಂತ ನಕ್ಕರು, ಯಾರೋ ಫೋನು ಎತ್ತಿ ಹಿಡಿದರು, ಹಿಡೀರಿ, ತಲೆ ಬಾಚಿಕೊಂಡೇ ಬಂದಿದ್ದೀನಿ, ಒಳಗೊಳಗೆ ಹಿಗ್ಗು, ನೋಡ್ದಾ ಚಿಕ್ಕಸಿದ್ದಯ್ಯ, ಜೀವಮಾನದಲ್ಲಿ ಇಷ್ಟು ಜನ ನನ್ನ ಮಾತು ಕೇಳಿದ್ದು ಇದೇ ಮೊದಲು — ಆಗ ಬೇವಿನ ಮರದ ಕಡೆಯಿಂದ ಕೂಗು, ಅತ್ಗೇ, ಏಯ್ ಅತ್ಗೇ, ಎದ್ದೇಳು ಮಾರಾಯ್ತಿ, ನಾನೇನು ಸತ್ತ ಮ್ಯಾಲೆ ಓಟಾಕ್ಲಾ?

ಮುದ್ದಯ್ಯ. ಗಂಡನ ಚಿಕ್ಕಪ್ಪನ ಮಗ, ಮೈದುನ, ಲಕ್ವ ಹೊಡೆದು ಒಂದು ಮಗ್ಗುಲು ಸತ್ತಿದೆ, ಮಕ್ಕಳು ಹೊತ್ತು ತಂದು ಕಟ್ಟೆಯ ಮೇಲೆ ಕೂರಿಸಿ ಕುರ್ಚಿಗೆ ಕಾಯುತ್ತಿದ್ದಾರೆ. ಇರೋ ಮುದ್ದಯ್ಯ, ಯಾವನು ಗೆದ್ರೂ ನಿಂಗೇನು ಮಂತ್ರಿಗಿರಿ ಕೊಡ್ತನಾ ಅಂತ ಇವಳೂ ರೇಗಿಸಿದಳು, ನಗು ಬಂತು, ನೆರಳು ಸರಿಯುತ್ತಿತ್ತು, ಮರದ ನೆರಳು ಕಟ್ಟೆಯಿಂದ ಇಳಿದು ಮುದ್ದಯ್ಯನ ಅರ್ಧ ಮುಖ ಬಿಸಿಲಿಗೆ ಬಿತ್ತು, ಜೋತುಬಿದ್ದ ಅರ್ಧವೇ, ಬಾಯಿಯ ಮೂಲೆಯಿಂದ ಜೊಲ್ಲು ಇಳಿದು ಅಂಗಿಯ ಗುಂಡಿಗೆ, ಅದನ್ನು ಒರೆಸಿಕೊಳ್ಳಲು ಆ ಕೈ ಏಳುತ್ತಿಲ್ಲ, ಅವನು ಈಗ ಕೂಗುತ್ತಲೂ ಇಲ್ಲ, ಸುಮ್ಮನೆ ಕುರ್ಚಿಯನ್ನು ನೋಡುತ್ತಿದ್ದಾನೆ. ಕಿಟ್ಟಿ ಹಾಗೇ ನೋಡುತ್ತಾನಲ್ಲ ಮೆಟ್ಟಿಲನ್ನು. ಥೂ, ನಾನೂ ಮೇಷ್ಟ್ರಾಗಿಬಿಟ್ಟೆನಲ್ಲ, ಕಾಲಿಲ್ಲದವನನ್ನು ಕಾಯಿಸಿ ಇನ್ನು ಜೂನ್ ಬರಲಿ ಅನ್ನುವುದೊಂದು ಬಾಕಿ. ಎದ್ದಳು. ಮಂಡಿ ಲಟಕ್ ಅಂದಿತು. ಯಾರೂ ಏಳಿ ಅನ್ನದಿದ್ದಾಗ ಎದ್ದದ್ದಕ್ಕೆ ಪೊಲೀಸಿನವನೂ ಬೆರಗಾದ. ಜಾಹಿದ್ ಕುರ್ಚಿ ತಿರುಗಿಸಿಕೊಂಡು ಮರದ ಕಡೆ ಹೋದ. ಒಳ್ಳೇದಮ್ಮ, ಈಗ ಮನೆಗೆ ಹೋಗಿ, ಮಗುಗೆ ನಾನೇ ಬಂದು ಪುಸ್ತಕ ಕೊಟ್ಟು ಬರ್ತೀನಿ ಅಂದರು ಮೇಷ್ಟ್ರು, ನಗು ಮತ್ತೆ ಜಾಗಕ್ಕೆ ಬಂದಿತ್ತು, ಅಂಗೈಯಲ್ಲಿದ್ದ ಬೀಗದ ಕೈ ಜೇಬಿಗೆ ಇಳಿಯಿತು. ಹೋಯಿತು. ಹಿಡಿದದ್ದೊಂದೇ ಗಾಲಿ, ಅದೂ ಹೋಯಿತು, ಬಾಯಿಯೆಲ್ಲ ಕಹಿ, ಚಿಕ್ಕಸಿದ್ದಯ್ಯ, ನೀನಿದ್ದಿದ್ದರೆ ಏನು ಕಿಸಿಯುತ್ತಿದ್ದೆ, ನೀನೂ ನೋಡೋಣ ಅನ್ನುತ್ತಿದ್ದೆ.

ಕಿಟ್ಟಿಯನ್ನು ಗೇಟಿನ ಬಳಿ ಗೋಲಿಯಾಡುವ ಹುಡುಗರ ಹತ್ತಿರ ಬಿಟ್ಟಿದ್ದಳು, ತಿರುಗಿ ನೋಡಿದರೆ ಗೋಲಿಗಳಿವೆ, ಹುಡುಗರಿದ್ದಾರೆ, ಅವನಿಲ್ಲ. ಅಜ್ಜೀ, ಇಲ್ಲಿ ಪ್ಯಾನದೆ ಕಣಜ್ಜಿ! ಇಳಿಜಾರಿನ ಮೇಲೆ, ಓಟಿನ ರೂಮಿನ ಬಾಗಿಲಲ್ಲಿ, ಹೊಸ್ತಿಲಿನ ಮೇಲೆ ಕೂತಿದ್ದಾನೆ, ಎಲ್ಲರೂ ಮುದುಕಿಯ ಕುಣಿತ ನೋಡುತ್ತಿದ್ದಾಗ ಎಳೆದುಕೊಂಡು ಹತ್ತಿದ್ದಾನೆ, ಚಡ್ಡಿಯ ಹಿಂದೆಲ್ಲ ಸುಣ್ಣದ ಧೂಳು, ಯಾರೂ ಎತ್ತಲಿಲ್ಲ, ಯಾರೂ ನೂಕಲಿಲ್ಲ. ಏಯ್, ಓಟಿಲ್ದೋರು ಒಳಿಕೆ ಬರಂಗಿಲ್ಲ ಕಣೋ ಅನ್ನುತ್ತಾನೆ ಪೊಲೀಸಿನವ, ನಾನು ಓಟಲ್ಲ, ನಾಕ್ನೇ ಕ್ಲಾಸು ಅನ್ನುತ್ತಾನೆ ಇವನು. ಹಿಂದೆ ಜಾಹಿದ್ ಮುದ್ದಯ್ಯನನ್ನು ನೂಕಿಕೊಂಡು ಬಂದು ನಿಂತ, ಹೊಸ್ತಿಲಲ್ಲಿ ಹುಡುಗ, ಕುರ್ಚಿ ದಾಟುವಂತಿಲ್ಲ, ಕ್ಯೂ ನಿಂತಿತು. ಜಾಹಿದ್ ಎತ್ತಬಹುದಿತ್ತು, ಅಲ್ಲಾ, ನಾನು ಕುರ್ಚಿ ಹಿಡ್ಕೊಂಡಿವ್ನಿ, ಬುಟ್ರೆ ಜಾರ್ತದೆ ಅಂದ, ಗಾಲಿಗೆ ಬ್ರೇಕು ಹಾಕುವ ಕಡ್ಡಿ ಅವನ ಕಾಲ ಬಳಿಯೇ ಇತ್ತು. ಎತ್ಕೊಳ್ಳಮ್ಮ ಅವನ್ನ ಅಂದರು ಮೇಷ್ಟ್ರು. ಕಂಕುಳಲ್ಲಿ ಹೊತ್ತು ಹೊತ್ತು ಸೊಂಟ ಒಂದು ಕಡೆ ವಾಲಿದೆ, ಇನ್ನೊಂದು ಸಲಕ್ಕೆ ಮುರಿಯುವಂಥದ್ದೇನಿಲ್ಲ, ಬಾಯಿಗೆ ಬಂದದ್ದು ಬೇರೆ. ನನ್ ಕೈಲಾಗಲ್ಲ ಸೋಮಿ. ನೀವೇ ಎತ್ಕಳಿ.

ಎಷ್ಟು ಸಲೀಸಾಗಿ ಬಂತು ಮಾತು. ಮೇಷ್ಟ್ರು ಸುತ್ತ ನೋಡಿದರು, ಎಲ್ಲರೂ ಅವರನ್ನೇ ನೋಡುತ್ತಿದ್ದಾರೆ, ಎತ್ತರದಲ್ಲಿ ಹಿಡಿದ ಫೋನೂ ನೋಡುತ್ತಿದೆ, ಶರ್ಟಿನ ತೋಳು ಮಡಚಿಕೊಂಡು ಬಾಗಿದರು, ಇಷ್ಟು ವರ್ಷದಲ್ಲಿ ಒಂದು ದಿನವೂ ಅವನನ್ನು ಮುಟ್ಟಿದವರಲ್ಲ, ಎಲ್ಲಿ ಹಿಡಿಯಬೇಕೆಂದೇ ತಿಳಿಯದು, ಕಂಕುಳಿಗೆ ಕೈ ಹಾಕಿದರು, ಉಸಿರು ಬಿಗಿ ಹಿಡಿದರು, ಎತ್ತಿದರು, ಮೈ ಎದ್ದಿತು, ಕಾಲು ಜೋತುಬಿದ್ದವು, ಕೈ ಏಳಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದಿದ್ದಾನೆ ಕಿಟ್ಟಿ, ಎರಡು ಕೈ, ಕಾಲಿನ ಕೆಲಸವನ್ನೂ ಮಾಡಿ ಮಾಡಿ ನೇಗಿಲು ಹಿಡಿದವನ ಕೈಯ ಹಾಗೆ ಜಡ್ಡುಗಟ್ಟಿದ ಕೈ. ಬಿಡಪ್ಪ ಕೃಷ್ಣಾ, ಬಿಡು ಮಗು ಅಂದರು ಮೇಷ್ಟ್ರು, ಹೆಸರು ಗೊತ್ತಿದೆ, ಪರವಾಗಿಲ್ಲ, ಕತ್ತಿನ ನರ ಉಬ್ಬಿದೆ. ನಂಗೇನ್ ಅರ್ಜೆಂಟಿಲ್ಲ ಸೋಮಿ, ಸಂಜೆಗಂಟ ಟೇಮದೆ ಅಂದ ಕುರ್ಚಿಯಿಂದ ಮುದ್ದಯ್ಯ, ಸತ್ತ ಮೇಲೆ ಓಟು ಹಾಕಲೇನು ಅಂದವನೇ. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಎಳೆದರು, ಹುಡುಗ ಉದ್ದವಾದ, ಹಗ್ಗದ ಹಾಗೆ, ಎರಡು ಕೈ ಅಲ್ಲೇ, ಚೌಕಟ್ಟಿನ ನೀಲಿ ಬಣ್ಣದ ಮೇಲೆ ಬೆರಳ ಗೆಣ್ಣುಗಳು ಬೆಳ್ಳಗೆ, ಮೇಷ್ಟ್ರು ಹಿಡಿತ ಬದಲಿಸಿದರು, ಆ ಎರಡು ಕೈ ಬದಲಿಸಲಿಲ್ಲ, ಹೋಗಿ ಬಿಡಿಸಲೇ, ಬಿಡಿಸಬಾರದು, ಉಸಿರೂ ಬಿಡಬಾರದು, ಎರಡು ಕೈ — ಏನಯ್ಯಾ ಚಿಕ್ಕಸಿದ್ದಯ್ಯ, ಎಲ್ಲಾ ಗೊತ್ತಿರೋನಂಗೆ ಮ್ಯಾಲೆ ಸುಮ್ಕೆ ಕುಂತಿದ್ದೀಯಲ್ಲ, ನೀನೇಳು ನೋಡನ, ಮೊದ್ಲು ಬುಡೋರು ಯಾರು — ನೀಲಿ ಚೌಕಟ್ಟು, ಎರಡು ಕೈ, ಹೇಳು ಮತ್ತೆ.